ಹೊಯಿಗೆಯ ಮೇಲಿನ ಅಕ್ಷರ, ಪರದೆಯ ಮೇಲಿನ ಅಕ್ಷರ

ಶತಮಾನೋತ್ಸವ ಸಂಚಿಕೆಯ ಸಂಪಾದಕ ಸಮಿತಿಯವರು ನನಗೆ ವಹಿಸಿದ ವಿಷಯ ‘ನಮ್ಮ ಶಾಲೆಯ ಬೋಧನೋಪಕರಣಗಳು: ಅಂದು ಮತ್ತು ಇಂದು’. ಹಳೆಯ ಸಾಮಾನು ಪಟ್ಟಿಯ ಪುಸ್ತಕಗಳನ್ನು ಬಿಡಿಸಿ, ಕರಿಹಲಗೆ ಎಷ್ಟು, ಭೂಪಟ ಎಷ್ಟು, ಗಣಕಯಂತ್ರ ಎಷ್ಟು ಎಂದು ಬರೆದುಕೊಟ್ಟರೆ ನನ್ನ ಕರ್ತವ್ಯ ಮುಗಿಯುತ್ತಿತ್ತು. ಹಾಗೆ ಬರೆಯಲು ಕುಳಿತ ವಾರದಲ್ಲಿಯೇ, ನಮ್ಮಲ್ಲಿಗೆ ಬೋಧನಾಭ್ಯಾಸಕ್ಕೆ ಬಂದಿದ್ದ ಬಿ.ಎಡ್. ವಿದ್ಯಾರ್ಥಿನಿಯೊಬ್ಬಳು ತನ್ನ ದಿನಚರಿಯನ್ನು ಸಹಿಗಾಗಿ ನನ್ನ ಮೇಜಿನ ಮೇಲಿಟ್ಟು ಹೋದಳು.

ಇಂತಹ ದಿನಚರಿಗಳನ್ನು ನಾವು ಮುಖ್ಯೋಪಾಧ್ಯಾಯರು ಓದದೆಯೇ ಸಹಿ ಹಾಕುವುದು ರೂಢಿ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಇದನ್ನು ಮಾತ್ರ ಓದಿದೆ. ಎಂಟನೆಯ ತರಗತಿಗೆ ನದಿಗಳ ಪಾಠ. ಮೊದಲ ಐದು ದಿನ ಅವಳು ಲ್ಯಾಪ್‌ಟಾಪು, ಪ್ರೊಜೆಕ್ಟರುಗಳ ನೆರವಿನಿಂದ ಪಾಠ ಮಾಡಿದಳು. ಬಣ್ಣದ ಚಿತ್ರಗಳು, ಓಡುವ ಬಾಣದ ಗುರುತುಗಳು, ಮಕ್ಕಳು ನಿಶ್ಶಬ್ದ. ವೀಕ್ಷಣೆಗೆ ಬಂದ ಉಪನ್ಯಾಸಕರು ‘ತರಗತಿ ನಿಯಂತ್ರಣ ಉತ್ತಮ’ ಎಂದು ಬರೆದರು. ಆರನೆಯ ದಿನ ಸಿಡಿಲು ಮಳೆ, ಕರೆಂಟು ಇಲ್ಲ. ಅವಳು ಸುಣ್ಣದ ಕಡ್ಡಿ ಹಿಡಿದು ಹಲಗೆಯ ಮೇಲೆ ಜಿಲ್ಲೆಯ ಹೊಳೆಗಳನ್ನು ಬರೆಯತೊಡಗಿದಳು. ಗಾಬರಿಯಲ್ಲಿ ಶಿರಿಯಾ ಹೊಳೆಯನ್ನು ಚಂದ್ರಗಿರಿಯ ತೆಂಕಕ್ಕೆ ಹರಿಸಿಬಿಟ್ಟಳು. ತರಗತಿಯೇ ಎದ್ದು ನಿಂತಿತು. ಶಿರಿಯಾದ ದಡದಲ್ಲಿಯೇ ಮನೆಯಿರುವ ಹುಡುಗನೊಬ್ಬ ಬಂದು ಅವಳ ಕೈಯಿಂದ ಸುಣ್ಣದ ಕಡ್ಡಿ ಪಡೆದು ಹೊಳೆಯನ್ನು ಬಡಗಿಗೆ ತಂದನು. ಮತ್ತೊಬ್ಬಳು ಅವನ ಗೆರೆಯ ತಿರುವನ್ನು ತಿದ್ದಿದಳು. ದಿನಚರಿಯಲ್ಲಿ ಅವಳು ಕೇಳಿಕೊಂಡ ಪ್ರಶ್ನೆ ಇಷ್ಟೇ: ಆ ಐದು ದಿನ ಪಾಠ ಮಾಡಿದ್ದು ನಾನೋ, ಯಂತ್ರವೋ? ಮಕ್ಕಳು ಸುಮ್ಮನಿದ್ದದ್ದು ಕಲಿಯುತ್ತಿದ್ದುದರಿಂದಲೋ?

ಚರಿತ್ರೆಯನ್ನು ಓದಿದವಳಾದ ನನಗೆ ಆ ಪುಟ ನಾಲ್ಕು ನೂರು ವರ್ಷ ಹಿಂದಿನ ಒಂದು ಜಗಲಿಯನ್ನು ನೆನಪಿಗೆ ತಂದಿತು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಕೆಳದಿಯ ಅರಸರನ್ನು ಕಾಣಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಇಕ್ಕೇರಿಗೆ ಪಯಣಿಸಿದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿರುವುದನ್ನು ಕಂಡು ನಿಂತನು. ನೆಲದ ಮೇಲೆ ನುಣುಪಾದ ಮರಳು ಹರಡಿದೆ. ಒಬ್ಬನು ರಾಗವಾಗಿ ಹೇಳುತ್ತ ಬೆರಳಿನಿಂದ ಅಂಕೆ ಬರೆಯುತ್ತಾನೆ, ಉಳಿದವರು ಅದನ್ನೇ ಹಾಡುತ್ತ ಬರೆಯುತ್ತಾರೆ. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಎರಚುತ್ತಾರೆ. ಕಾಗದವಿಲ್ಲ, ಲೇಖನಿಯಿಲ್ಲ, ಗುರುವೂ ಇಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಆತ ಕೇಳಿದ್ದಕ್ಕೆ ಆ ಹುಡುಗರು ಕೊಟ್ಟ ಉತ್ತರದ ಸಾರ ಇದು: ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ; ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ. ಆತ ಅದನ್ನು ಮೆಚ್ಚಿ ಬರೆದಿಟ್ಟದ್ದರಿಂದ ನಮಗಿಂದು ತಿಳಿಯಿತು. ನಮ್ಮವರು ಯಾರೂ ಬರೆದಿಡಲಿಲ್ಲ. ಹೊಯಿಗೆಯಲ್ಲಿ ಬರೆಯುವುದು ಅವರಿಗೆ ಬರೆದಿಡುವಂತಹ ಸಂಗತಿಯಾಗಿ ತೋರಿರಲಿಲ್ಲ.

ಐಗಳ ಮಠದಲ್ಲಿ ಅಕ್ಷರಾಭ್ಯಾಸ ಹೊಯಿಗೆಯ ಮೇಲೆಯೇ ನಡೆಯುತ್ತಿತ್ತು. ಬೆರಳು ಪಳಗಿದ ಮೇಲೆ ಓಲೆ ಮತ್ತು ಕಂಟ. ನಮ್ಮ ಊರಿನ ಹಿರಿಯರ ಬಾಯಲ್ಲಿ ‘ಹೊಯಿಗೆಯಲ್ಲಿ ಬೆರಳು ಸವೆಸಿದವರು’ ಎಂಬ ಮಾತನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ.

ಈ ಹೊಯಿಗೆಗೆ ಸಮುದ್ರ ದಾಟುವ ಯೋಗವೂ ಇತ್ತು. ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್ ಎಂಬಾತ 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾದನು. ಒಂದು ಬೆಳಗ್ಗೆ ಕುದುರೆಯೇರಿ ಹೋಗುತ್ತಿದ್ದಾಗ ‘ಮಲಬಾರಿ ಶಾಲೆ’ಯೊಂದರಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಅಕ್ಷರ ಬರೆಯುತ್ತಿರುವುದನ್ನು ಕಂಡನು. (ಆ ಕಾಲದ ಆಂಗ್ಲರು ತಮಿಳರನ್ನೂ ಮಲಬಾರಿಗಳೆಂದೇ ಕರೆಯುತ್ತಿದ್ದರು. ಆದುದರಿಂದ ಇದನ್ನು ನಮ್ಮ ಕರಾವಳಿಯ ಹೆಮ್ಮೆಗೆ ಸೇರಿಸಿಕೊಳ್ಳುವ ಆತುರ ಬೇಡ.) ತನ್ನ ಶಾಲೆಯಲ್ಲಿಯೂ ಹೀಗೆಯೇ ಕಲಿಸಿರಿ ಎಂದು ಆತ ಉಪಾಧ್ಯಾಯರಿಗೆ ಹೇಳಿದನು. ಅವರು ಒಪ್ಪಲಿಲ್ಲ, ಇದು ಆಗುವ ಕೆಲಸವಲ್ಲ ಎಂದರು. ಆಗ ಬೆಲ್ ಅಕ್ಷರಮಾಲೆಯ ತರಗತಿಯನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ವಿದ್ಯಾರ್ಥಿಗೆ ಒಪ್ಪಿಸಿದನು. ದೊಡ್ಡವರಿಂದ ಆಗದ್ದನ್ನು ಆ ಸಿಪಾಯಿಯ ಮಗ ಮಾಡಿ ತೋರಿಸಿದನು. ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ವರದಿಯನ್ನು ಪ್ರಕಟಿಸಿದನು. ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳಲ್ಲಿಯೂ ಮರಳಿನ ಹಲಗೆಗಳು ಬಂದವು. ಕಲಿತ ಮಗು ಕಲಿಯದ ಮಗುವಿಗೆ ಕಲಿಸುವ ಪದ್ಧತಿ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಿಂದಲೇ ಇಂಗ್ಲೆಂಡಿನಲ್ಲಿ ಹಬ್ಬಿತು. ಹಾಗೆ ಕಲಿಸುವ ಮಗುವಿಗೆ ‘ಮಾನಿಟರ್’ ಎಂದು ಹೆಸರು. ನಮ್ಮ ಮಕ್ಕಳಿಗೆ ಇಂದು ಮಾನಿಟರ್ ಎಂದರೆ ಗಣಕಯಂತ್ರದ ಪರದೆ. ಒಂದೇ ಪದ, ಮಗುವಿನಿಂದ ಗಾಜಿಗೆ ಹೋದದ್ದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಸ್ಲೇಟು ಬಂದದ್ದು, ಕರಿಹಲಗೆ ಬಂದದ್ದು ಎಲ್ಲ ಶಾಲೆಗಳ ಕಥೆ. ನಾನು ಕಲಿತದ್ದು ಸ್ಲೇಟಿನಲ್ಲಿ. ಗದ್ದೆಯ ಅಂಚಿನ ನೀರುಕಡ್ಡಿಯನ್ನು ಮುರಿದು ಅದರಿಂದ ಒರೆಸುತ್ತಿದ್ದೆವು. ಅದರ ತಂಪು ಇಂದಿಗೂ ಬೆರಳ ತುದಿಯಲ್ಲಿದೆ.

ಸಲಕರಣೆಯ ಜೊತೆಗೆ ಭಾಷೆಯ ಪ್ರಶ್ನೆ ನಮಗೆ ಎದುರಾದದ್ದು 1956ರ ನವೆಂಬರ್ 1ರ ನಂತರ. ಆ ದಿನ ನಮ್ಮ ಶಾಲೆ ಇದ್ದಲ್ಲಿಯೇ ಇತ್ತು. ರಾಜ್ಯ ಮಾತ್ರ ಬದಲಾಯಿತು. ಮದ್ರಾಸ್ ಆಧಿಪತ್ಯದ ಕಾಲದಿಂದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಹೊಯಿಗೆಗೂ ಸ್ಲೇಟಿಗೂ ಭಾಷೆಯಿಲ್ಲ, ಬರೆದವನ ಭಾಷೆಯೇ ಅದರ ಭಾಷೆ. ಆದರೆ ಅಚ್ಚಾದ ಭೂಪಟಕ್ಕೆ, ರೇಡಿಯೋಗೆ, ದೂರದರ್ಶನಕ್ಕೆ ತಮ್ಮದೇ ಆದ ಭಾಷೆಯುಂಟು. ಅದನ್ನು ಆರಿಸುವವರು ದೂರದಲ್ಲಿ ಕುಳಿತಿರುತ್ತಾರೆ. ಇದು ನಮ್ಮಂತಹ ಗಡಿನಾಡಿನ ಶಾಲೆಗೆ ಮಾತ್ರ ಅರ್ಥವಾಗುವ ವ್ಯತ್ಯಾಸ.

ಇದಕ್ಕೆ ಸ್ಪಷ್ಟ ನಿದರ್ಶನ ಎಜುಸ್ಯಾಟ್. ಶಿಕ್ಷಣಕ್ಕೆಂದೇ ರೂಪಿಸಿದ ಈ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿಸಲಾಯಿತು. ಅದರ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಕನ್ನಡದಲ್ಲಿ ಪಾಠಗಳು ಬಂದವು. ಕೇರಳದಲ್ಲಿ 2005ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ ವಿಕ್ಟರ್ಸ್ ವಾಹಿನಿಯೂ ಅದೇ ಉಪಗ್ರಹವನ್ನು ಆಶ್ರಯಿಸಿತು. ಅದರ ಪಾಠಗಳು ಮಲಯಾಳದಲ್ಲಿ. ಒಂದೇ ಆಕಾಶ, ಒಂದೇ ಉಪಗ್ರಹ. ಬಿಳಿಗಿರಿ ಬೆಟ್ಟದ ಜಿಲ್ಲೆಯ ಮಗುವಿಗೆ ದೊರೆತ ಕನ್ನಡ ನಮ್ಮ ಮಗುವಿಗೆ ದೊರೆಯಲಿಲ್ಲ. ಯಾರದೂ ದುರುದ್ದೇಶವೆಂದು ನಾನು ಹೇಳುವುದಿಲ್ಲ. ಕೇರಳದ ಶಾಲೆಗಳಿಗೆ ಗಣಕಯಂತ್ರವನ್ನು ತಂದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ 2001ರಲ್ಲಿ ಆರಂಭವಾದದ್ದು ಪ್ರೊ. ಯು.ಆರ್. ರಾವ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ. ಅವರು ಉಡುಪಿಯ ಬಳಿಯ ಅದಮಾರಿನವರು, ಕನ್ನಡಿಗರು. ಒಳ್ಳೆಯ ಯೋಜನೆ, ಅದರ ಫಲವನ್ನು ನಮ್ಮ ಮಕ್ಕಳೂ ಉಂಡಿದ್ದಾರೆ. ಆದರೆ ಸಣ್ಣ ಸಂಖ್ಯೆಯವರ ಭಾಷೆ ಯಾವಾಗಲೂ ಎರಡನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾಗುತ್ತದೆ. ಬಡಿಸುವವರು ಮರೆತರೆ ಕೂಗಿ ಕರೆಯಬೇಕಾಗುತ್ತದೆ.

ನಾನು ಬಿ.ಎಡ್. ಮಾಡಿದಾಗ ಚಾರ್ಟು, ಮಾದರಿ, ಫ್ಲಾನಲ್ ಹಲಗೆ ಇವೇ ಬೋಧನೋಪಕರಣಗಳು. ರಾತ್ರಿಯಿಡೀ ಕುಳಿತು ಬಣ್ಣ ಹಚ್ಚುತ್ತಿದ್ದೆವು. ಗಣಕಯಂತ್ರ ಬಂದಾಗ ನಾನಾಗಲೇ ಪಾಠ ಹೇಳುವವಳಾಗಿದ್ದೆ. ಇಲಿಯನ್ನು ಹಿಡಿಯಲು ಮಕ್ಕಳಿಂದಲೇ ಕಲಿತೆ. ಪ್ರಶ್ನೆಪತ್ರಿಕೆಗಳನ್ನು ನಾವು ‘ಬರಹ’ದಲ್ಲಿಯೋ ‘ನುಡಿ’ಯಲ್ಲಿಯೋ ಬೆರಳಚ್ಚು ಮಾಡುತ್ತಿದ್ದೆವು. ಎರಡೂ ವಿಂಡೋಸ್ ವ್ಯವಸ್ಥೆಗಾಗಿ ಮಾಡಿದ ತಂತ್ರಾಂಶಗಳು. 2008ರ ಹೊತ್ತಿಗೆ ಕೇರಳದ ಶಾಲೆಗಳು ಸಂಪೂರ್ಣವಾಗಿ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಲಿನಕ್ಸ್‌ಗೆ ಬದಲಾದವು. ಹಣ ಕೊಟ್ಟು ಪರವಾನಗಿ ಪಡೆಯಬೇಕಿಲ್ಲದ, ಬೇಕಾದಂತೆ ತಿದ್ದಿಕೊಳ್ಳಬಹುದಾದ ವ್ಯವಸ್ಥೆ, ನಿರ್ಧಾರ ಸರಿಯಾದದ್ದೇ. ಆದರೆ ಒಂದು ಬೆಳಗ್ಗೆ ನಮ್ಮ ಕಡತಗಳನ್ನು ತೆರೆದಾಗ ಕನ್ನಡವೆಂಬುದೇ ಇರಲಿಲ್ಲ. ವರ್ಷಗಟ್ಟಲೆ ಕೂಡಿಸಿದ ಪ್ರಶ್ನೆಪತ್ರಿಕೆಗಳು, ಪಾಠ ಟಿಪ್ಪಣಿಗಳು, ಶಾಲಾ ವರದಿಗಳು ಎಲ್ಲವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಾಗಿದ್ದವು.

ಕಾರಣವನ್ನು ಆಗ ನಮಗೆ ಬಿಡಿಸಿ ಹೇಳಿದವಳು ಬೋಧನಾಭ್ಯಾಸಕ್ಕೆ ಬಂದಿದ್ದ ಒಬ್ಬ ಹುಡುಗಿ, ನಮ್ಮದೇ ಶಾಲೆಯ ಹಳೆಯ ವಿದ್ಯಾರ್ಥಿನಿ. ಹಳೆಯ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕು ಚಿತ್ರಗಳನ್ನು ಕೂರಿಸಿದ್ದರು; ಆ ಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ರೋಮನ್ ಅಕ್ಷರವೇ ಕಾಣುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ದೊರೆತಿತ್ತು, ‘ಕ’ಕ್ಕೆ 3221. ಜಗತ್ತಿನ ಯಾವ ಯಂತ್ರದಲ್ಲಿಯೂ 3221 ಎಂದರೆ ‘ಕ’ವೇ. ಇದನ್ನು ಆಕೆ ಹಲಗೆಯ ಮೇಲೆ ಬರೆದು ತೋರಿಸಿದಾಗ, ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಕನ್ನಡ ಪಂಡಿತರು, ‘ಹಾಗಾದರೆ ನಮ್ಮ ಕಕಾರಕ್ಕೂ ಒಂದು ಪಟ್ಟಾ ಆಯಿತು’ ಎಂದರು. ಭೂಮಿಯ ಪಟ್ಟೆಗಾಗಿ ಅಲೆದು ಬೇಸತ್ತ ಊರಿನವರಿಗೆ ಆ ಮಾತಿನ ತೂಕ ತಿಳಿದೀತು.

ಲಿನಕ್ಸ್‌ನಲ್ಲಿ ಕನ್ನಡಕ್ಕೆ ‘ಕಗಪ’ ಎಂಬ ಕೀಲಿಮಣೆಯ ವಿನ್ಯಾಸವಿತ್ತು. ಅದರ ಮೂಲ ಕಲ್ಪನೆ ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರದು, ‘ನುಡಿ’ಯ ಕೀಲಿಮಣೆಯೂ ಅದೇ. ಆದ್ದರಿಂದ ನಮ್ಮ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿರಲಿಲ್ಲ. ಆ ಹುಡುಗಿ ಸಂಜೆ ಶಾಲೆ ಬಿಟ್ಟ ಮೇಲೆ ಉಳಿದು, ಒಂಬತ್ತನೆಯ ತರಗತಿಯ ನಾಲ್ಕಾರು ಮಕ್ಕಳನ್ನು ಕೂಡಿಸಿಕೊಂಡು ಮುಖ್ಯವಾದ ಕಡತಗಳನ್ನು ಮತ್ತೆ ಬೆರಳಚ್ಚು ಮಾಡಿಸಿದಳು. ಒಬ್ಬ ಓದುವುದು, ಒಬ್ಬಳು ಒತ್ತುವುದು, ಇಬ್ಬರು ತಪ್ಪು ಹಿಡಿಯುವುದು. ಅದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ ನನಗೆ ಆಗ ದೆಲ್ಲಾ ವಾಲೆ ನೆನಪಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂಬ ಚಿಂತೆ ಮಾತ್ರ ಇತ್ತು. ಅವಳು ಮುಂದೆ ನೌಕರಿಗಾಗಿ ಬಹಳ ಕಾಲ ಕಾದಳು. ಆ ನಡುವೆ ಕನ್ನಡ ಓದಲು ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ಹುದ್ದೆಗಳಿಗೆ ನೇಮಕಗೊಂಡು ಬಂದದ್ದನ್ನೂ, ಪಾಲಕರು ಶಾಲೆಯ ಬಾಗಿಲಲ್ಲಿ ಕುಳಿತು ಪ್ರತಿಭಟಿಸಿದ್ದನ್ನೂ ಈ ಜಿಲ್ಲೆ ಕಂಡಿದೆ. ಗಣಕಯಂತ್ರಕ್ಕೆ ಕನ್ನಡ ಕಲಿಸಿದವಳು ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದಳು.

ಅನಂತರದ ದೊಡ್ಡ ತಿರುವು 2020. ಮಾರ್ಚಿನಲ್ಲಿ ಶಾಲೆ ಮುಚ್ಚಿತು, ತಲಪಾಡಿಯ ಗಡಿ ಮುಚ್ಚಿತು. ಜೂನ್ 1ರಂದು ಕೇರಳ ಸರಕಾರ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳನ್ನು ಆರಂಭಿಸಿತು. ಈ ಸಲ ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ನಮ್ಮ ಜಿಲ್ಲೆಯ ಅಧ್ಯಾಪಕರೇ ಕ್ಯಾಮೆರಾದ ಮುಂದೆ ನಿಂತರು, ಯೂಟ್ಯೂಬಿನ ಮೂಲಕ ಅವು ಮನೆಗಳನ್ನು ತಲುಪಿದವು. ಆದರೆ ಯೂಟ್ಯೂಬಿಗೆ ಫೋನು ಬೇಕು, ಫೋನಿಗೆ ರೇಂಜು ಬೇಕು. ಅಡಕೆ ತೋಟದ ತಗ್ಗಿನ ಮನೆಗಳ ಮಕ್ಕಳು ಗುಡ್ಡ ಹತ್ತಿ ಕುಳಿತು ಪಾಠ ಕೇಳಿದರು. ಅಪ್ಪ ಕೆಲಸದಿಂದ ಬಂದ ಮೇಲೆಯೇ ಫೋನು ಕೈಗೆ ಸಿಗುವ ಮಕ್ಕಳು ಹಲವರು.

ಆ ವರ್ಷದ ಬಿ.ಎಡ್. ವಿದ್ಯಾರ್ಥಿಗಳಿಗೂ ಬೋಧನಾಭ್ಯಾಸ ಫೋನಿನಲ್ಲಿಯೇ. ನಮಗೆ ಬಂದ ತರುಣನೊಬ್ಬ ಚಿತ್ರದ ಪಾಠ ಭಾರವಾಗುತ್ತದೆಂದು ಅರಿತು, ಐದೈದು ನಿಮಿಷದ ಧ್ವನಿಮುದ್ರಿಕೆಗಳನ್ನು ವಾಟ್ಸಾಪಿನಲ್ಲಿ ಕಳುಹಿಸತೊಡಗಿದನು. ಮಕ್ಕಳು ಉತ್ತರವನ್ನೂ ಧ್ವನಿಯಲ್ಲಿಯೇ ಕಳುಹಿಸಿದರು. ಹಿನ್ನೆಲೆಯಲ್ಲಿ ಕೋಳಿಯ ಕೂಗು, ಮಳೆ, ತುಳುವಿನಲ್ಲಿಯೋ ಮಲಯಾಳದಲ್ಲಿಯೋ ಬ್ಯಾರಿಯಲ್ಲಿಯೋ ಗದರುವ ತಾಯಿ. ತರಗತಿಯಲ್ಲಿ ಬಾಯಿಬಿಡದ ಒಬ್ಬಳು ಅಲ್ಲಿ ಮಾತಾಡಿದಳು. ಅವನು ‘ಮರಳು’ ಎಂದು ಪಾಠ ಹೇಳಿದಾಗ, ‘ಸರ್, ನಾವು ಹೊಯಿಗೆ ಅಂತೇವೆ’ ಎಂದು ತಿದ್ದಿದವಳೂ ಅವಳೇ. ಶಾಲೆ ತೆರೆದ ಮೇಲೆ ಅವಳು ಮತ್ತೆ ಮೌನಿಯಾದಳೆಂಬುದನ್ನೂ ಹೇಳಬೇಕು. ಅದರ ಕಾರಣವನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಸಾಮಾನು ಪಟ್ಟಿಯ ಪುಸ್ತಕ ಇನ್ನೂ ನನ್ನ ಮುಂದಿದೆ. ವಸ್ತುವಿನ ಹೆಸರು, ಬಂದ ದಿನಾಂಕ, ಬೆಲೆ, ಕೆಟ್ಟ ದಿನಾಂಕ: ಇಷ್ಟಕ್ಕೆ ಮಾತ್ರ ಅಂಕಣಗಳಿವೆ. ಬೆಲ್ ಪಾದ್ರಿ ಎಂಟು ವರ್ಷದ ಹುಡುಗನ ಹೆಸರನ್ನು ಬರೆದಿಟ್ಟನು. ಅಂದು ಕಡತಗಳನ್ನು ಮರಳಿ ಬೆರಳಚ್ಚು ಮಾಡಿದ ಮಕ್ಕಳಾರು ಎಂಬುದು ನಮ್ಮ ಯಾವ ಪುಸ್ತಕದಲ್ಲಿಯೂ ಇಲ್ಲ. ಓದುಗರಲ್ಲಿ ಆ ಮಕ್ಕಳು ಇದ್ದರೆ, ಈಗ ಮೂವತ್ತರ ಆಸುಪಾಸಿನಲ್ಲಿರುವ ಅವರು ದಯವಿಟ್ಟು ಕಚೇರಿಗೆ ಬಂದು ಹೆಸರು ಬರೆಯಿಸಬೇಕು. ಪುಸ್ತಕದ ಕೊನೆಯ ಪುಟವನ್ನು ಖಾಲಿ ಬಿಡಿಸಿದ್ದೇನೆ. ದಿನಚರಿಗೆ ಸಹಿ ಹಾಕಿ ಕಳುಹಿಸಿದೆ. ಆರನೆಯ ದಿನದ ಪುಟದ ಅಂಚಿನಲ್ಲಿ, ಶಿರಿಯಾ ಹೊಳೆಯನ್ನು ಬಡಗಿಗೆ ತಂದ ಹುಡುಗನ ಹೆಸರೇನೆಂದು ಕೇಳಿದ್ದೇನೆ.