ಕಟಕಟೆಯಲ್ಲಿ ನಿಂತ ಅಣೆಕಟ್ಟು

ವಿಜ್ಞಾನದ ವಿವಾದವೊಂದನ್ನು ತರಗತಿಗೆ ತಂದು, ವಿದ್ಯಾರ್ಥಿಗಳನ್ನೇ ವಾದಿ, ಪ್ರತಿವಾದಿ, ಸಾಕ್ಷಿ, ನ್ಯಾಯಾಧೀಶರನ್ನಾಗಿ ಮಾಡಿ ಅಣಕು ನ್ಯಾಯಾಲಯ ನಡೆಸುವ ಕ್ರಮವು ಇಂದು ಹಲವು ದೇಶಗಳ ಶಾಲೆಗಳಲ್ಲಿದೆ. ಕುಲಾಂತರಿ ಬೀಜ, ಅಣುವಿದ್ಯುತ್ತು, ಗೆಲಿಲಿಯೋನ ವಿಚಾರಣೆ, ಹೀಗೆ ವಿಷಯ ಯಾವುದೂ ಆಗಬಹುದು. ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳಾದರೋ ಮೊಕದ್ದಮೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅವರ ಗದ್ದೆಗಳಿಗೆ ನೀರುಣಿಸುವ ಅಣೆಕಟ್ಟೇ ಒಮ್ಮೆ ಕಟಕಟೆಯಲ್ಲಿ ನಿಂತು ಬಂದದ್ದು.

ಆ ಮೊಕದ್ದಮೆಯ ಬೇರು ಮಳವಳ್ಳಿ ತಾಲ್ಲೂಕಿನಲ್ಲಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆದರೆ ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ವಿದ್ಯುತ್ತೂ ಬಡವಾಗುತ್ತಿತ್ತು. ಮಳೆಗಾಲದ ನೀರನ್ನು ಕನ್ನಂಬಾಡಿಯಲ್ಲಿ ಹಿಡಿದಿಟ್ಟರೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು, ಮಂಡ್ಯದ ಬೆದ್ದಲು ಭೂಮಿಗೆ ನೀರಾವರಿ. ಇದು ಮೈಸೂರಿನ ಯೋಜನೆ. 1911ರಲ್ಲಿ ಕೆಲಸ ಆರಂಭವಾಯಿತು. ಕೆಳಗಿನ ಮದ್ರಾಸು ಆಕ್ಷೇಪಿಸಿತು. ತಂಜಾವೂರಿನ ಗದ್ದೆಗಳ ಗತಿಯೇನು ಎಂಬುದು ಅವರ ಪ್ರಶ್ನೆ. ಅದು ಅನ್ಯಾಯದ ಪ್ರಶ್ನೆಯೇನೂ ಅಲ್ಲ.

1892ರ ಒಪ್ಪಂದದ ಪ್ರಕಾರ ವಿವಾದವು ಪಂಚಾಯ್ತಿಗೆ ಹೋಯಿತು. 1913ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್ ವಿಚಾರಣೆಗೆ ಕುಳಿತರು. ಅವರೊಡನೆ ಭಾರತ ಸರ್ಕಾರದ ನೀರಾವರಿ ಇನ್ಸ್‌ಪೆಕ್ಟರ್ ಜನರಲ್ ನೆದರ್‌ಸೋಲ್ ಸಲಹೆಗಾರರಾಗಿ ಕುಳಿತರು. ಕಾನೂನನ್ನು ಬಲ್ಲವರ ಪಕ್ಕದಲ್ಲಿ ನೀರನ್ನು ಬಲ್ಲವರಿಗೆ ಒಂದು ಕುರ್ಚಿ! ಶಾಲೆಗಳ ಅಣಕು ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಈ ಕುರ್ಚಿಯೇ. ಅದಿಲ್ಲದೆ ಹೋದರೆ ಜೋರು ದನಿಯವನು ಗೆಲ್ಲುತ್ತಾನೆ, ವಿಜ್ಞಾನ ಹೊರಗುಳಿಯುತ್ತದೆ.

1914ರ ಮೇ 12ರ ತೀರ್ಪು ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾಯಿತು. ಮದ್ರಾಸು ಸುಮ್ಮನಾಗಲಿಲ್ಲ. ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದವಾಯಿತು. ಅದರ ನಿಯಮಗಳನ್ನು ಓದಿದರೆ ಹಕ್ಕಿನ ಮಾತಿಗಿಂತ ಅಳತೆಯ ಮಾತೇ ಎದ್ದು ಕಾಣುತ್ತದೆ. ತಿರುಚಿರಾಪಳ್ಳಿಯ ಬಳಿಯ ಮೇಲಣೆಕಟ್ಟಿನ ಮಾಪಕದಲ್ಲಿ ನೀರು ಜೂನ್ ತಿಂಗಳಲ್ಲಿ 6.5 ಅಡಿ, ಜುಲೈ ಮತ್ತು ಆಗಸ್ಟಿನಲ್ಲಿ 7.5 ಅಡಿ, ಜನವರಿಯಲ್ಲಿ 3 ಅಡಿ ಇದ್ದರೆ ಮಾತ್ರ ಕನ್ನಂಬಾಡಿಯಲ್ಲಿ ಹೊಸ ನೀರನ್ನು ಹಿಡಿಯಬಹುದು. ಇಬ್ಬರು ಜಗಳಗಾರರು ಒಂದೇ ಅಳತೆಕೋಲನ್ನು ನಂಬಲು ಒಪ್ಪಿದ್ದರು. ಅಷ್ಟಕ್ಕೇ ಹನ್ನೊಂದು ವರ್ಷ ಹಿಡಿಯಿತು.

ಮುಂದಿನ ಕಥೆ ವಾಚಕರಿಗೆ ಗೊತ್ತಿದೆ: 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ತೀರ್ಪು, 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ತೀರ್ಪು. ತಮಿಳುನಾಡಿನ ಕಾವೇರಿ ಕೊಳ್ಳದ ಅಂತರ್ಜಲವನ್ನು ನ್ಯಾಯಮಂಡಳಿಯು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸುಪ್ರೀಂ ಕೋರ್ಟು ಅದರಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ತಂದಿತು. ಕರ್ನಾಟಕದ ಪಾಲು 270ರಿಂದ 284.75 ಟಿಎಂಸಿಗೆ ಏರಲು ಅದೂ ಒಂದು ಕಾರಣ. ಸಾಕ್ಷ್ಯದ ಕಟ್ಟು ಬದಲಾದರೆ ನ್ಯಾಯವೂ ಬದಲಾಗುತ್ತದೆ.

ಧರ್ಮಸಭೆಯವರಾದ ನಾವು ಇದನ್ನು ಸಂಕಟದಿಂದ ಕಲಿತವರು. 1633ರಲ್ಲಿ ಗೆಲಿಲಿಯೋನನ್ನು ರೋಮಿನಲ್ಲಿ ಅಪರಾಧಿಯೆಂದು ತೀರ್ಮಾನಿಸಲಾಯಿತು. ಆ ತೀರ್ಪು ತಪ್ಪು. ನ್ಯಾಯಪೀಠವು ತನ್ನದಲ್ಲದ ವಿಷಯದಲ್ಲಿ ತೀರ್ಪು ಕೊಟ್ಟಿತು. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ಅಣಕು ನ್ಯಾಯಾಲಯದಲ್ಲಿ ಗೆಲಿಲಿಯೋನ ವಕೀಲನಾಗುವ ಹುಡುಗನ ಕೆಲಸವೂ ಸುಲಭದ್ದಲ್ಲ. ಭೂಮಿ ಚಲಿಸುತ್ತದೆಂಬುದಕ್ಕೆ ಗೆಲಿಲಿಯೋ ಮುಂದಿಟ್ಟ ಉಬ್ಬರವಿಳಿತದ ವಾದ ಸರಿಯಾಗಿರಲಿಲ್ಲ. ಭೂಮಿ ಸುತ್ತುವಾಗ ನಕ್ಷತ್ರಗಳ ಸ್ಥಾನದಲ್ಲಿ ಕಾಣಬೇಕಾದ ಪಲ್ಲಟವನ್ನು ಬೆಸೆಲ್ ಅಳೆದದ್ದು 1838ರಲ್ಲಿ. ಸತ್ಯ ಹೇಳಿದವನ ಕೈಯಲ್ಲೂ ಆಗ ಪೂರ್ಣ ಪುರಾವೆ ಇರಲಿಲ್ಲ. ಇದನ್ನು ಆ ಹುಡುಗ ಎದುರಿಸಲೇಬೇಕು. ನಮ್ಮ ನಾಡಿನ ತರ್ಕಶಾಸ್ತ್ರ ಇದಕ್ಕೇ ಪೂರ್ವಪಕ್ಷವನ್ನು ಮೊದಲು ಹೇಳಿಸಿತು. ಗುರುಮಠಗಳಲ್ಲಿ ಓದಿಸುವ ಸಂತ ತೋಮಸ್ ಅಕ್ವಿನಾಸರೂ ಆಕ್ಷೇಪಣೆಗಳಿಂದಲೇ ತೊಡಗುತ್ತಾರೆ.

ಇದೇ ಅಣೆಕಟ್ಟಿನ ಮೇಲೆ ನಮ್ಮ ಕಾಲದಲ್ಲಿ ಇನ್ನೊಂದು ವಿವಾದ ಎದ್ದಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳ ಸಿಡಿತದಿಂದ, ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಹಳೆಯ ಗೋಡೆಗೆ ಅಪಾಯವಿದೆಯೇ? 2022ರಲ್ಲಿ ಪರೀಕ್ಷಾರ್ಥ ಸ್ಫೋಟಕ್ಕೆ ಸಿದ್ಧತೆ ನಡೆದಾಗ ರೈತರು ಅದನ್ನೇ ವಿರೋಧಿಸಿದರು. 2024ರ ಜನವರಿಯಲ್ಲಿ ರಾಜ್ಯದ ಹೈಕೋರ್ಟು, ಅಣೆಕಟ್ಟು ಸುರಕ್ಷತಾ ಕಾಯಿದೆಯಂತೆ ಅಧ್ಯಯನ ಮುಗಿಯುವವರೆಗೆ, 20 ಕಿಲೋಮೀಟರ್ ಸುತ್ತಳತೆಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶಿಸಿತು. ಅಪಾಯವನ್ನು ಅಳೆಯಲು ಸಿಡಿಸಿಯೇ ನೋಡಬೇಕೇ, ಸಿಡಿಸುವುದೇ ಅಪಾಯವಲ್ಲವೇ? ಹತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊಕದ್ದಮೆ ಸಿಗಲಾರದು.

ಆದರೆ ಪಾತ್ರ ಹಂಚುವಾಗ ಗುರುಗಳು ಸ್ವಲ್ಪ ನಿಷ್ಠುರರಾಗಬೇಕು. ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ಮನೆಯ ಹುಡುಗನಿಗೆ ಗಣಿಯವರ ವಕಾಲತ್ತು ಕೊಡಬೇಕು. ಕಲ್ಲು ಒಡೆದು ಹೊಟ್ಟೆ ಹೊರೆಯುವ ಮನೆಯ ಹುಡುಗಿಗೆ ಅಣೆಕಟ್ಟಿನದು. ನೆದರ್‌ಸೋಲರ ಕುರ್ಚಿಯನ್ನು ಖಾಲಿ ಬಿಡಬಾರದು. ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಅಲ್ಲಿ ಕೂರಲಿ. ನ್ಯಾಯಾಧೀಶರಾದ ಮಕ್ಕಳಿಗೆ ಅಪಾಯವಿದೆ, ಅಪಾಯವಿಲ್ಲ ಎಂಬೆರಡು ತೀರ್ಪುಗಳಲ್ಲದೆ ಮೂರನೆಯದೊಂದೂ ಇರಲಿ: ಸಾಕ್ಷ್ಯ ಸಾಲದು. ಹಾಗೆಂದವರು ಸುಮ್ಮನೆ ಎದ್ದುಹೋಗುವಂತಿಲ್ಲ. ಎಷ್ಟು ಸಿಡಿಮದ್ದಿಗೆ, ಎಷ್ಟು ದೂರದಲ್ಲಿ, ಯಾವ ಬಗೆಯ ಬಂಡೆಯ ಮೂಲಕ, ಎಷ್ಟು ಕಂಪನ ಎಂದು ಯಾರು ಅಳೆಯಬೇಕು, ಆ ಅಳತೆಯನ್ನು ಎರಡೂ ಪಕ್ಷದವರು ನಂಬಲು ಯಾರು ಎದುರಿಗಿರಬೇಕು ಎಂಬುದನ್ನು ಅವರು ಬರೆದುಕೊಟ್ಟೇ ಏಳಬೇಕು.