ಮಧ್ಯವಯಸ್ಸಿನಲ್ಲಿ ಮರಳಿ ವ್ಯಾಸಂಗ: ವೃತ್ತಿ ಬದಲಾಯಿಸಬಯಸುವವರಿಗೆ ಮಾಹಿತಿ

ಪೀಠಿಕೆ

ಕುಟುಂಬದ ಹೊಣೆ, ಆರ್ಥಿಕ ಅಡಚಣೆ ಅಥವಾ ಎಳೆಯ ವಯಸ್ಸಿನಲ್ಲಿಯೇ ದೊರೆತ ಉದ್ಯೋಗದ ಕಾರಣದಿಂದ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿದವರು ಅನೇಕರಿದ್ದಾರೆ. ಇವರಲ್ಲಿ ಕೆಲವರು ಮೂವತ್ತೈದು, ನಲವತ್ತು ವರ್ಷಗಳು ತುಂಬಿದ ಮೇಲೆ ಮತ್ತೆ ಓದಿ ಬೇರೊಂದು ವೃತ್ತಿಯನ್ನು ಕೈಗೊಳ್ಳಲು ಬಯಸುತ್ತಾರೆ. ಇದಕ್ಕೆ ಇಂದು ಹಲವು ಮಾರ್ಗಗಳಿವೆ. ಆದರೆ ಇಪ್ಪತ್ತರ ವಯಸ್ಸಿನಲ್ಲಿ ಆದ ತಪ್ಪು ಆಯ್ಕೆಯನ್ನು ಸರಿಪಡಿಸಿಕೊಳ್ಳಲು ಕಾಲಾವಕಾಶವಿರುತ್ತದೆ. ನಲವತ್ತರಲ್ಲಿ ಅಷ್ಟು ಅವಕಾಶವಿರುವುದಿಲ್ಲ. ಆದುದರಿಂದ ಮೊದಲು ಕೋರ್ಸನ್ನು ಆರಿಸಿ ಅನಂತರ ಉದ್ಯೋಗ ಹುಡುಕುವುದಕ್ಕಿಂತ, ಬಯಸಿದ ವೃತ್ತಿಯ ನಿಯಮಗಳನ್ನು ಮೊದಲು ತಿಳಿದು ಅದಕ್ಕೆ ತಕ್ಕ ಕೋರ್ಸನ್ನು ಆರಿಸಿಕೊಳ್ಳುವುದು ಸೂಕ್ತ.

ನಿಂತ ಶಿಕ್ಷಣವನ್ನು ಮುಂದುವರಿಸುವ ಮಾರ್ಗಗಳು

1. ಎಸ್.ಎಸ್.ಎಲ್.ಸಿ. ಪೂರೈಸದವರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ನಡೆಸುವ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಹಾಜರಾಗಬಹುದು.

2. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪ್ರವೇಶಕ್ಕೆ ಗರಿಷ್ಠ ವಯೋಮಿತಿ ಇಲ್ಲ. ಒಮ್ಮೆ ಪಡೆದ ನೋಂದಣಿಯು 5 ವರ್ಷಗಳವರೆಗೆ ಊರ್ಜಿತದಲ್ಲಿರುವುದರಿಂದ ವಿಷಯಗಳನ್ನು ಹಂತ ಹಂತವಾಗಿ ಪೂರೈಸಬಹುದು.

3. ಪದವಿ ಹಾಗೂ ಸ್ನಾತಕೋತ್ತರ ವ್ಯಾಸಂಗಕ್ಕೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (1985) ಮತ್ತು ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ (1996) ಲಭ್ಯವಿವೆ.

ಮಾನ್ಯತೆಯ ಪರಿಶೀಲನೆ

ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು. ತಾವು ಸೇರುವ ಕೋರ್ಸಿಗೆ, ಸೇರುವ ವರ್ಷಕ್ಕೆ, ದೂರಶಿಕ್ಷಣ ಕ್ರಮದಲ್ಲಿಯೇ ಮಾನ್ಯತೆ ಇರಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012-13ನೇ ಸಾಲಿನ ನಂತರ ಮಾನ್ಯತೆ ಇಲ್ಲವೆಂದು 2015ರಲ್ಲಿ ಪ್ರಕಟಿಸಿದಾಗ, ಅದಾಗಲೇ ಓದುತ್ತಿದ್ದ ವಿದ್ಯಾರ್ಥಿಗಳು ತೀವ್ರ ಅನಿಶ್ಚಿತತೆಗೆ ಒಳಗಾದರು. 2018-19ನೇ ಸಾಲಿನಿಂದ ಮಾನ್ಯತೆ ಮರಳಿ ದೊರೆಯಿತು. ಪ್ರವೇಶ ಪಡೆಯುವ ಮುನ್ನ ಆಯೋಗದ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿ ಆಯಾ ಸಾಲಿನ ಪಟ್ಟಿಯನ್ನು ಸ್ವತಃ ನೋಡುವುದು ಅವಶ್ಯ. ಮಧ್ಯವರ್ತಿಗಳ ಮಾತನ್ನಾಗಲಿ, ಕರಪತ್ರಗಳನ್ನಾಗಲಿ ಆಧಾರವಾಗಿ ಪರಿಗಣಿಸಬಾರದು.

ಆಯೋಗದ 2020ರ ವಿನಿಯಮಗಳ ಪ್ರಕಾರ, ಮಾನ್ಯತೆ ಪಡೆದ ಸಂಸ್ಥೆಗಳಿಂದ ದೂರಶಿಕ್ಷಣದಲ್ಲಿ ಪಡೆದ ಪದವಿಯು ತರಗತಿಗೆ ಹಾಜರಾಗಿ ಪಡೆದ ಪದವಿಗೆ ಸಮಾನವಾಗಿರುತ್ತದೆ.

ದೂರಶಿಕ್ಷಣದಲ್ಲಿ ದೊರೆಯದ ಕೋರ್ಸುಗಳು

ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ, ವಾಸ್ತುಶಿಲ್ಪ, ಕಾನೂನು ಮೊದಲಾದ ಕೋರ್ಸುಗಳನ್ನು ದೂರಶಿಕ್ಷಣದ ಮೂಲಕ ನಡೆಸಲು ಅನುಮತಿ ಇಲ್ಲ. ಶಿಕ್ಷಕ ವೃತ್ತಿಗೆ ಅಗತ್ಯವಾದ ಬಿ.ಇಡಿ. ಪದವಿಗೂ ನಿರ್ಬಂಧವಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ವಿನಿಯಮಗಳು ದೂರಶಿಕ್ಷಣದ ಬಿ.ಇಡಿ.ಯನ್ನು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ ಉದ್ದೇಶಿಸಿವೆ. ಹೊಸದಾಗಿ ಶಿಕ್ಷಕರಾಗಬಯಸುವವರು ಕಾಲೇಜಿಗೆ ಹಾಜರಾಗಿಯೇ ಓದಬೇಕಾಗುತ್ತದೆ.

ಒಂದು ಉದಾಹರಣೆ

ಪಿ.ಯು.ಸಿ. ಓದಿ, ಖಾಸಗಿ ಸಂಸ್ಥೆಯಲ್ಲಿ ಗುಮಾಸ್ತರಾಗಿರುವ 42 ವರ್ಷದ ವ್ಯಕ್ತಿಯೊಬ್ಬರು ವಕೀಲರಾಗಬಯಸುತ್ತಾರೆ ಎಂದಿಟ್ಟುಕೊಳ್ಳೋಣ. ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿಗೆ 3 ವರ್ಷ, ಅನಂತರ ಕಾಲೇಜಿಗೆ ಹಾಜರಾಗಿ ಎಲ್.ಎಲ್.ಬಿ.ಗೆ 3 ವರ್ಷ, ಹೀಗೆ 6 ವರ್ಷ ಬೇಕಾಗುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಸಾಮಾನ್ಯ ವರ್ಗದವರು ಪದವಿಯಲ್ಲಿ ಶೇ. 45ರಷ್ಟು ಅಂಕ ಗಳಿಸಿರಬೇಕು. ಪಿ.ಯು.ಸಿ. ಅಥವಾ ತತ್ಸಮಾನ ವಿದ್ಯಾರ್ಹತೆ ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆದವರು ಕಾನೂನು ಪ್ರವೇಶಕ್ಕೆ ಅರ್ಹರಲ್ಲ. ತೇರ್ಗಡೆಯಾದ ನಂತರ ಅಖಿಲ ಭಾರತ ವಕೀಲರ ಪರೀಕ್ಷೆ ಇರುತ್ತದೆ; ಪೂರ್ಣಾವಧಿ ವೇತನದ ಉದ್ಯೋಗವನ್ನು ಬಿಡದೆ ವಕೀಲಿ ವೃತ್ತಿ ನಡೆಸುವಂತಿಲ್ಲ. ಅಂದರೆ 48ನೇ ವಯಸ್ಸಿನಲ್ಲಿ ನಿಶ್ಚಿತ ಸಂಬಳವನ್ನು ತೊರೆದು ಹೊಸ ವೃತ್ತಿಯ ಮೊದಲ ಮೆಟ್ಟಿಲಲ್ಲಿ ನಿಲ್ಲಬೇಕಾಗುತ್ತದೆ. ಇದು ಅಸಾಧ್ಯವಲ್ಲ, ಆದರೆ ಈ ಲೆಕ್ಕವನ್ನು 48ರಲ್ಲಿ ಅಲ್ಲ, 42ರಲ್ಲಿಯೇ ಮಾಡಬೇಕು.

ಸರ್ಕಾರಿ ಹುದ್ದೆಗಳ ವಯೋಮಿತಿ

ವ್ಯಾಸಂಗಕ್ಕೆ ವಯೋಮಿತಿ ಇಲ್ಲದಿದ್ದರೂ ನೇಮಕಾತಿಗೆ ಇರುತ್ತದೆ. ಸರ್ಕಾರವು ಕೆಲವೊಮ್ಮೆ ಸಡಿಲಿಕೆ ನೀಡುವುದುಂಟು. ಆದರೆ ಮುಂದೆ ಸಡಿಲಿಕೆ ದೊರೆಯಬಹುದೆಂಬ ನಿರೀಕ್ಷೆಯಿಂದ ಕೋರ್ಸಿಗೆ ಸೇರುವುದು ಕ್ಷೇಮವಲ್ಲ. ಬಯಸಿದ ಹುದ್ದೆಯ ಇತ್ತೀಚಿನ ಅಧಿಸೂಚನೆಯನ್ನು ಓದಿ, ಕೋರ್ಸು ಮುಗಿಯುವ ವೇಳೆಗೆ ತಮಗೆ ಎಷ್ಟು ವಯಸ್ಸಾಗಿರುತ್ತದೆ ಎಂಬುದನ್ನು ಅದರೊಂದಿಗೆ ಹೋಲಿಸಿ ನೋಡತಕ್ಕದ್ದು.

ಉದ್ಯೋಗ, ಹಣ ಮತ್ತು ಮನೆ

ಸರ್ಕಾರಿ ನೌಕರರು ವ್ಯಾಸಂಗಕ್ಕೆ ಸೇರುವ ಮುನ್ನ ತಮ್ಮ ಇಲಾಖೆಯ ಅನುಮತಿ ಪಡೆಯಬೇಕು. ಖಾಸಗಿ ಉದ್ಯೋಗಿಗಳು ಪರೀಕ್ಷಾ ದಿನಗಳ ರಜೆಯ ಬಗ್ಗೆ ಮೊದಲೇ ಮಾತನಾಡಿಕೊಳ್ಳುವುದು ಒಳಿತು. ಬೋಧನಾ ಶುಲ್ಕದ ಜೊತೆಗೆ ಪುಸ್ತಕ, ಪ್ರಯಾಣ, ಪರೀಕ್ಷಾ ಶುಲ್ಕ ಹಾಗೂ ಕಡಿಮೆಯಾಗುವ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಕ್ಕಳ ಶಿಕ್ಷಣ ಮತ್ತು ವೃದ್ಧರ ಚಿಕಿತ್ಸೆಗೆ ಇಟ್ಟ ಹಣವನ್ನು ಮುಟ್ಟದೆ ಈ ವೆಚ್ಚವನ್ನು ಭರಿಸಲು ಸಾಧ್ಯವೇ ಎಂಬುದನ್ನು ಮನೆಯವರೆಲ್ಲರೂ ಕುಳಿತು ನಿರ್ಧರಿಸಬೇಕು. ಓದುವವರು ಒಬ್ಬರೇ ಆದರೂ ಆ ವರ್ಷಗಳ ಭಾರವನ್ನು ಇಡೀ ಮನೆ ಹೊರುತ್ತದೆ.

ಅರ್ಜಿ ಸಲ್ಲಿಸುವ ಮುನ್ನ

ಮೂರು ಪ್ರಶ್ನೆಗಳಿಗೆ ಲಿಖಿತ ಆಧಾರದೊಂದಿಗೆ ಉತ್ತರ ದೊರೆತಿರಬೇಕು: ಬಯಸಿದ ವೃತ್ತಿಗೆ ಈ ಕೋರ್ಸು ಅರ್ಹತೆ ನೀಡುತ್ತದೆಯೇ? ಈ ಸಾಲಿಗೆ ಅದರ ಮಾನ್ಯತೆ ಇದೆಯೇ? ಕೋರ್ಸು ಮುಗಿಯುವಾಗ ವಯೋಮಿತಿಯೊಳಗೆ ಇರುತ್ತೇನೆಯೇ? ಮೂರಕ್ಕೂ ‘ಹೌದು’ ಎಂಬ ಉತ್ತರ ದೊರೆತಲ್ಲಿ ವಯಸ್ಸಿನ ಬಗ್ಗೆ ಸಂಕೋಚಪಡುವ ಕಾರಣವಿಲ್ಲ.