ಜನಕಪುರಿಯ ‘ಮದ್ರಾಸಿ’ಗಳು

ಮೊನ್ನೆ ಮಗಳು ತನ್ನ ಕಪಾಟು ಖಾಲಿ ಮಾಡುತ್ತಾ ಒಂದು ಹಳೇ ಪುಸ್ತಕ ತಂದು ನನ್ನ ಕೈಗಿಟ್ಟಳು. ಪೀಟರ್ ಮೇಲ್ ಎಂಬ ಇಂಗ್ಲಿಷಿನವರು 1989ರಲ್ಲಿ ಪ್ರಕಟಿಸಿದ ‘ಎ ಇಯರ್ ಇನ್ ಪ್ರಾವೆನ್ಸ್’. ಗಂಡ ಹೆಂಡತಿ ಇಬ್ಬರೂ ಇಂಗ್ಲೆಂಡ್ ಬಿಟ್ಟು ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಹಳೇ ಮನೆಯೊಂದನ್ನು ಕೊಂಡು ಒಂದು ವರ್ಷ ಸಂಸಾರ ಮಾಡಿದ ಕಥೆ. ಚಳಿಗೆ ನೀರಿನ ಪೈಪು ಒಡೆಯುತ್ತದೆ, ಪ್ಲಂಬರ್ ಬರುತ್ತಾನೆ, ಅಕ್ಕಪಕ್ಕದವರ ಮಾತು ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಊಹೆ. ಓದುತ್ತಾ ನಗು ಬಂತು. ಅರೆ, ಇದು ನಮ್ಮದೇ ಕಥೆಯಲ್ಲವೇ! ಅವರು ಬಿಸಿಲು ಹುಡುಕಿಕೊಂಡು ಹೋದರು, ನಾವು ವರ್ಗಾವಣೆ ಆದೇಶ ಹಿಡಿದುಕೊಂಡು ಬಂದೆವು, ಅಷ್ಟೇ.

ನಾವು ಬಂದದ್ದು 1979ರಲ್ಲಿ. ಮದುವೆಯಾಗಿ ಐದು ತಿಂಗಳಾಗಿತ್ತು. ಕೆ.ಕೆ. ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ಜೊತೆಗೆ ಒಂದು ಕಬ್ಬಿಣದ ಟ್ರಂಕು. ಅದರಲ್ಲಿ ಬಟ್ಟೆಗಿಂತ ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಸಾರಿನಪುಡಿಯೇ ಹೆಚ್ಚು. ಜನಕಪುರಿ ಆಗ ಅರ್ಧ ಊರು, ಅರ್ಧ ಹೊಲ. 1957ರಲ್ಲಿ ಹುಟ್ಟಿದ ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಎಲ್ಲರ ಬಾಯಲ್ಲೂ ಡಿಡಿಎ) ಸುತ್ತಲಿನ ಹಳ್ಳಿಗಳ ಜಮೀನು ತೆಗೆದುಕೊಂಡು ಎ, ಬಿ, ಸಿ ಅಂತ ಬ್ಲಾಕು ಹಾಕಿ ಸೈಟು ಕೊಟ್ಟಿತ್ತು. ಹೊಲ ಹೋದರೂ ಹಳ್ಳಿ ಹೋಗಿರಲಿಲ್ಲ. ಪೋಸಂಗಿಪುರ, ಅಸಾಲತ್‌ಪುರ ಈಗಲೂ ಬಡಾವಣೆಯ ಹೊಟ್ಟೆಯೊಳಗೇ ಇವೆ. ಬೆಳಿಗ್ಗೆ ಎದ್ದರೆ ಎಮ್ಮೆಗಳ ಮೆರವಣಿಗೆ. ಉತ್ತಮ್ ನಗರದ ಕಡೆ ನಡೆದರೆ ಸಾಸಿವೆ ಹೊಲ, ಅದರಾಚೆ ಹಸ್ತಸಾಲ್ ಹಳ್ಳಿಯಲ್ಲಿ ಷಹಜಹಾನನ ಕಾಲದ ಇಟ್ಟಿಗೆ ಮಿನಾರು. ಕುತುಬ್ ಮಿನಾರಿನ ತಮ್ಮನ ಹಾಗಿದೆ, ನೋಡುವವರೇ ಇಲ್ಲ.

ಹೆಸರುಗಳ ತಮಾಷೆಯನ್ನೂ ಹೇಳಿಬಿಡಬೇಕು. ನಮ್ಮದು ಜನಕಪುರಿ. ಪಂಖಾ ರೋಡ್ ದಾಟಿದರೆ ಸೀತಾಪುರಿ, ಇನ್ನಷ್ಟು ಮುಂದೆ ದಶರಥಪುರಿ! ಬೀಗರು ಇಷ್ಟು ಹತ್ತಿರ ಇದ್ದರೆ ಮಗಳ ಸಂಸಾರ ಏನಾಗಬೇಡ ಎಂದು ನನ್ನಾಕೆ ಹೇಳುತ್ತಿದ್ದಳು.

ನಮಗೆ ಸಿಕ್ಕಿದ್ದು ಸಿಖ್ ದಂಪತಿಯ ಮನೆಯ ಮೇಲಂತಸ್ತು. ಯಜಮಾನರನ್ನು ಎಲ್ಲರೂ ದಾರ್‌ಜಿ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಬೀಜಿ. ನಾವೂ ಹಾಗೇ ಕರೆದೆವು. ಇಬ್ಬರೂ ಲಾಯಲ್‌ಪುರದ ಕಡೆಯವರು (ಪಾಕಿಸ್ತಾನದವರು 1977ರಲ್ಲಿ ಅದಕ್ಕೆ ಫೈಸಲಾಬಾದ್ ಎಂದು ಹೆಸರಿಟ್ಟರು, ಬೀಜಿ ಮಾತ್ರ ಒಪ್ಪಲಿಲ್ಲ). ದೆಹಲಿಯ ಜನಸಂಖ್ಯೆ 1941ರಲ್ಲಿ 9.18 ಲಕ್ಷ ಇದ್ದದ್ದು 1951ಕ್ಕೆ 17.44 ಲಕ್ಷ ಆಯಿತು. ಹಾಗೆ ಏರಿದ್ದರಲ್ಲಿ ಸುಮಾರು ಐದು ಲಕ್ಷ ಜನ ದೇಶವಿಭಜನೆಯ ನಿರಾಶ್ರಿತರು. ಪಟೇಲ್ ನಗರ, ರಾಜೌರಿ ಗಾರ್ಡನ್, ತಿಲಕ್ ನಗರ ಎಲ್ಲ ಅವರಿಗಾಗಿಯೇ ಬೆಳೆದ ಬಡಾವಣೆಗಳು. ಅಲ್ಲಿಂದ ಒಂದು ಮೆಟ್ಟಿಲು ಮೇಲೆ ಬಂದವರು ಜನಕಪುರಿಯಲ್ಲಿ ಮನೆ ಕಟ್ಟಿದರು. ನಮ್ಮ ಟ್ರಂಕನ್ನು ಇಳಿಸಿದ ದಿನ ಬೀಜಿ ಅದನ್ನು ಮುಟ್ಟಿ ನೋಡಿ, “ನೀವು ಪುಣ್ಯವಂತರು, ಸಾಮಾನು ಸಮೇತ ಬಂದಿದ್ದೀರಿ” ಅಂದಿದ್ದರು. ಆಗ ನನಗೆ ಅದು ತಮಾಷೆಯಾಗಿ ಕೇಳಿತ್ತು.

ಇನ್ನು ಅಡುಗೆಮನೆ. ಡಿಸೆಂಬರ್ ಬಂತೆಂದರೆ ದೋಸೆಹಿಟ್ಟು ಹುಳಿಯಾಗುವುದೇ ಇಲ್ಲ. ಪಾತ್ರೆಗೆ ರಜಾಯಿ ಸುತ್ತಿ ಮಗುವನ್ನು ಮಲಗಿಸಿದ ಹಾಗೆ ಮೂಲೆಯಲ್ಲಿ ಮಲಗಿಸಬೇಕು. ಬೀಜಿ ಅದನ್ನು ಕಂಡು ತಮ್ಮ ಅಂಗೀಠಿಯ ಪಕ್ಕ ಜಾಗ ಕೊಟ್ಟರು. ಆಮೇಲೆ ಚಳಿಗಾಲವೆಲ್ಲ ನಮ್ಮ ಹಿಟ್ಟು ಕೆಳಗಿನ ಮನೆಯಲ್ಲೇ ಉಬ್ಬುತ್ತಿತ್ತು. ಹಾಲಿಗೆ ಮದರ್ ಡೇರಿ ಬೂತಿನಲ್ಲಿ ಟೋಕನ್ ಹಾಕಿದರೆ ನಲ್ಲಿಯಿಂದ ಸುರಿಯುವ ವ್ಯವಸ್ಥೆ, ಊರಿಗೆ ಕಾಗದ ಬರೆದಾಗ ಯಾರೂ ನಂಬಲಿಲ್ಲ. ಬೂದುಗುಂಬಳ, ನುಗ್ಗೆಕಾಯಿ ಬೇಕೆಂದರೆ ಐಎನ್ಎ ಮಾರುಕಟ್ಟೆಗೇ ಹೋಗಬೇಕು, ಅರ್ಧ ದಿನದ ಕೆಲಸ. ಗೌರಿ ಹಬ್ಬಕ್ಕೆ ಮಣ್ಣಿನ ಗಣಪತಿ ಎಲ್ಲಿಂದ ತರುವುದು? ಉತ್ತಮ್ ನಗರದಲ್ಲಿ ರಾಜಸ್ಥಾನ, ಹರಿಯಾಣದಿಂದ ಬಂದ ಕುಂಬಾರರು ಆಗಷ್ಟೇ ನೆಲೆಸುತ್ತಿದ್ದರು (ಈಗ ಅದು ಕುಮ್ಹಾರ್ ಗ್ರಾಮ್ ಅಂತ ಪ್ರಸಿದ್ಧ). ಅವರ ಹತ್ತಿರ ಒಂದು ಮುದ್ದೆ ಮಣ್ಣು ತಂದು ನಾನೇ ಮಾಡಿದೆ. ಸೊಂಡಿಲು ಎರಡು ಸಲ ಬಿತ್ತು.

ಪಂಚಾಂಗದ ಜಗಳ ಇದಕ್ಕಿಂತ ದೊಡ್ಡದು. ನಮ್ಮ ಶ್ರಾವಣ ಅಮಾವಾಸ್ಯೆ ಕಳೆದ ಮಾರನೇ ದಿನ ಶುರು. ಎದುರು ಮನೆಯ ಬನಾರಸಿನವರಿಗೆ ಹುಣ್ಣಿಮೆಯ ಮಾರನೇ ದಿನ, ಅಂದರೆ ನಮಗಿಂತ ಹದಿನೈದು ದಿನ ಮೊದಲೇ. ಬೀಜಿಗೆ ಸಂಕ್ರಾಂತಿ ಲೆಕ್ಕ, ಜುಲೈ ನಡುವೆ ಸೂರ್ಯ ಕರ್ಕಾಟಕಕ್ಕೆ ಹೋದರೆ ಮುಗಿಯಿತು, ಸಾವಣ್ ಬಂತು. ಒಂದೇ ಬೀದಿಯಲ್ಲಿ ಮೂರು ಶ್ರಾವಣ! ನನ್ನಾಕೆ ಮೂವರ ಹಬ್ಬಕ್ಕೂ ಪಾಯಸ ತಿಂದು, ನಮ್ಮದೇ ಸರಿ ಎಂದು ವಾದಿಸುತ್ತಿದ್ದಳು.

ನನಗೆ ಸಿಟ್ಟು ಬರುತ್ತಿದ್ದದ್ದು ಒಂದೇ ಮಾತಿಗೆ. ‘ಮದ್ರಾಸಿ’. ವಿಂಧ್ಯದಿಂದ ಕೆಳಗಿನವರೆಲ್ಲ ದೆಹಲಿಯವರಿಗೆ ಮದ್ರಾಸಿಗಳೇ. ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ನಮ್ಮವರು, ದೆಹಲಿ ಕರ್ನಾಟಕ ಸಂಘ 1948ರಿಂದ ಇದೆ, ಬೆಳಿಗ್ಗೆ ಊರಿನವರು ಕೇಳುವ ಆಕಾಶವಾಣಿಯ ಕನ್ನಡ ವಾರ್ತೆಯನ್ನು ಆಗ ಓದುತ್ತಿದ್ದದ್ದೇ ದೆಹಲಿಯಲ್ಲಿ ಕೂತು. ಹೀಗೆಲ್ಲ ಆಫೀಸಿನಲ್ಲಿ ಭಾಷಣ ಮಾಡುತ್ತಿದ್ದೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ, ಇವರ ಕಿವಿಗೆ ಇನ್ನೂ ಹೊಸದು. “ಕರ್ನಾಟಕವಾ? ಕರ್ನಾಲ್ ಪಕ್ಕದಲ್ಲಾ?” ಎಂದು ಒಬ್ಬರು ಕೇಳಿದ್ದೂ ಉಂಟು. ಬೀಜಿಗೂ ಹೇಳಿ ಹೇಳಿ ಸೋತಿದ್ದೆ. “ಹೌದು ಪುತ್ತರ್, ಕರ್ನಾಟಕದ ಮದ್ರಾಸಿ” ಎನ್ನುತ್ತಿದ್ದರು.

1984ರ ನವೆಂಬರ್ 1, ಗುರುವಾರ. ರಾಜ್ಯೋತ್ಸವ. ನಾವು ಏಳೆಂಟು ಕನ್ನಡದ ಮನೆಯವರು ಭಾನುವಾರ ನಮ್ಮ ತಾರಸಿಯಲ್ಲಿ ಸೇರುವುದೆಂದು ಮಾಡಿಕೊಂಡಿದ್ದೆವು. ಹಿಂದಿನ ದಿನ ಇಂದಿರಾ ಗಾಂಧಿಯವರ ಹತ್ಯೆಯಾಗಿತ್ತು. ಬೆಳಿಗ್ಗೆ ತಾರಸಿಗೆ ಹೋಗಿ ನೋಡಿದರೆ ಪಶ್ಚಿಮಕ್ಕೂ ದಕ್ಷಿಣಕ್ಕೂ ಕಪ್ಪು ಹೊಗೆ. ಕೆಳಗಿಳಿದು ಮೊದಲು ಮಾಡಿದ ಕೆಲಸ, ಗೇಟಿನ ಮೇಲಿದ್ದ ಗುರುಮುಖಿ ಹೆಸರಿನ ಫಲಕವನ್ನು ಸ್ಕ್ರೂ ಬಿಚ್ಚಿ ತೆಗೆದದ್ದು. ದಾರ್‌ಜಿ, ಬೀಜಿ, ಅವರ ಮಗ ಸೊಸೆ, ಎರಡು ಮಕ್ಕಳು, ಎಲ್ಲರೂ ಒಳಮೆಟ್ಟಿಲಿನಿಂದ ನಮ್ಮ ಅಡುಗೆಮನೆಗೆ ಬಂದು ಕೂತರು. ನಾವು ದೀಪ ಹಾಕಲಿಲ್ಲ.

ಮಧ್ಯಾಹ್ನ ಮೂವತ್ತು ನಲವತ್ತು ಹುಡುಗರು ಬಂದರು. ಕೈಯಲ್ಲಿ ಕಬ್ಬಿಣದ ಸರಳು, ಸೀಮೆಎಣ್ಣೆ ಡಬ್ಬ. “ಇದು ಸರ್ದಾರನ ಮನೆಯಲ್ಲವಾ?” ಎಂದು ಕೂಗಿದರು. ನನ್ನಾಕೆ ಬಾಲ್ಕನಿಗೆ ಹೋದಳು. ಐದು ವರ್ಷವಾದರೂ ಅವಳ ಹಿಂದಿಗೆ ಗಂಡು ಹೆಣ್ಣು ಭೇದವಿರಲಿಲ್ಲ, ಬೀದಿಯ ಹೆಂಗಸರೆಲ್ಲ ನಗುತ್ತಿದ್ದರು. ಅದೇ ಹಿಂದಿಯಲ್ಲಿ ಹೇಳಿದಳು: “ಸರ್ದಾರ್ ನಹೀ. ಪಂಜಾಬ್ ಗಯಾ. ಹಮ್ ಕಿರಾಯಾ. ಹಮ್ ಮದ್ರಾಸಿ.” ಒಬ್ಬ ಮತ್ತೆ ಕೇಳಿದ. ಮತ್ತೆ ಅದೇ, “ಹಮ್ ಮದ್ರಾಸಿ.” ಹುಡುಗರು ಅವರವರಲ್ಲೇ ಏನೋ ಮಾತಾಡಿಕೊಂಡರು. ಮನೆ ಬಿಟ್ಟರು. ಗೇಟಿನ ಒಳಗಿದ್ದ ದಾರ್‌ಜಿಯ ಸ್ಕೂಟರನ್ನು ಎಳೆದು ರಸ್ತೆಗೆ ಹಾಕಿ ಬೆಂಕಿ ಹಚ್ಚಿ ಹೋದರು.

ನಾನೆಲ್ಲಿದ್ದೆ ಎಂದು ಕೇಳುತ್ತೀರಾ? ಬಾಗಿಲ ಹಿಂದೆ ನಿಂತಿದ್ದೆ. ವ್ಯಾಕರಣಶುದ್ಧ ಹಿಂದಿ ಬರುತ್ತಿದ್ದದ್ದು ನನಗೆ. ಗಂಟಲಿನಿಂದ ಒಂದು ಶಬ್ದ ಹೊರಡಲಿಲ್ಲ.

ಮೂರು ದಿನ ಅವರು ನಮ್ಮಲ್ಲೇ ಇದ್ದರು. ಗೋಧಿಹಿಟ್ಟು ಮುಗಿದು ಅನ್ನ ಸಾರೇ ಗತಿಯಾಯಿತು. ಬೀಜಿ ಸಾರನ್ನು ಲೋಟದಲ್ಲಿ ಹಾಕಿಕೊಂಡು ಚಹಾದ ಹಾಗೆ ಕುಡಿದರು, ಮಾತಿಲ್ಲ. ದಾರ್‌ಜಿ ಒಮ್ಮೆ ಮಾತ್ರ ಅಂದರು, “ಸನ್ ಸೈಂತಾಲೀಸ್ ಮೇಂ ಭೀ ರಸೋಯಿ ಮೇಂ ಹೀ ಬೈಠೇ ಥೇ.” ನಲವತ್ತೇಳರಲ್ಲೂ ಅಡುಗೆಮನೆಯಲ್ಲೇ ಕೂತಿದ್ದೆವು ಎಂದು. ಸಿಖ್ಖರ ಮೇಲಿನ ಆ ಹಿಂಸೆಯಲ್ಲಿ ದೆಹಲಿಯೊಂದರಲ್ಲೇ ಸತ್ತವರು 2,733 ಜನ ಎಂದು 1987ರ ಅಹುಜಾ ಸಮಿತಿ ಲೆಕ್ಕ ಕೊಟ್ಟಿತು. ಗಂಡಂದಿರನ್ನು ಕಳೆದುಕೊಂಡ ಹೆಂಗಸರಿಗೆ ಸರ್ಕಾರ ಮನೆ ಕೊಟ್ಟ ತಿಲಕ್ ವಿಹಾರ್ ನಮ್ಮಿಂದ ದೂರವೇನಲ್ಲ. ನಮ್ಮ ತಾರಸಿಯ ರಾಜ್ಯೋತ್ಸವ ಆ ವರ್ಷ ನಡೆಯಲಿಲ್ಲ.

1986ರಲ್ಲಿ ಅವರು ಮನೆ ಮಾರಿ ಲುಧಿಯಾನಕ್ಕೆ ಹೋದರು. ಕಾರಣ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಜಾಗದಲ್ಲೀಗ ನಾಲ್ಕಂತಸ್ತಿನ ಬಿಲ್ಡರ್ ಫ್ಲ್ಯಾಟು. ನಾವು ಎರಡು ಬೀದಿ ಆಚೆ ಡಿಡಿಎ ಫ್ಲ್ಯಾಟು ಕೊಂಡು ಇಲ್ಲೇ ಉಳಿದೆವು. ಕರ್ನಾಟಕ ಸಂಘಕ್ಕೆ ಹೋಗಬೇಕೆಂದರೆ ಮೊದಲು ಧೌಲಾ ಕುಂವಾದಲ್ಲಿ ಬಸ್ಸು ಬದಲಿಸಿ ಒದ್ದಾಡುತ್ತಿದ್ದೆವು, 2018ರಿಂದ ಮೆಟ್ರೋ ಜನಕಪುರಿಯಿಂದ ಸೀದಾ ಆರ್.ಕೆ. ಪುರಕ್ಕೆ ಹೋಗುತ್ತದೆ. ದಾರಿಯಲ್ಲಿ ದಶರಥಪುರಿ ಸ್ಟೇಷನ್ ಬಂದಾಗ ನನ್ನಾಕೆ ಈಗಲೂ ಬೀಗರ ಮಾತು ತೆಗೆಯುತ್ತಾಳೆ.

ಮನೆಗೆ ಫೋನ್ ಬಂದ ಮೇಲೆ ಪ್ರತಿ ಜುಲೈಯಲ್ಲಿ ಬೀಜಿ ಲುಧಿಯಾನದಿಂದ ಎಸ್‌ಟಿಡಿ ಮಾಡುತ್ತಿದ್ದರು. “ಸಾವಣ್ ಬಂತು ಪುತ್ತರ್, ಪಾಯಸ ಮಾಡಿದೆಯಾ?”

“ನಮ್ಮದಿನ್ನೂ ಬಂದಿಲ್ಲ ಬೀಜಿ” ಎನ್ನುತ್ತಿದ್ದಳು ಇವಳು. ಆಮೇಲೆ ಹತ್ತು ನಿಮಿಷ ಇಬ್ಬರದೂ ಜಗಳ. ಬಿಲ್ಲು ಅವರದು.